ಶಂಭಣ್ಣನ ಮೂಗು

ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು, ಕಾರಿಗೆ ಗ್ಯಾಸ್ ಕೂರಿಸುವ ಶಂಭಣ್ಣನ ಗ್ಯಾರೇಜು ಎಲ್ಲಿ ಎಂದು ಕೇಳಿ ನೋಡಿ. ದಾರಿ ತೋರಿಸುವ ಮೊದಲು ಜನ ಒಮ್ಮೆ ಗಡಿಯಾರ ನೋಡುತ್ತಾರೆ. ಹೊತ್ತು ಏರಿದ್ದರೆ, ಬೆಳಗ್ಗೆ ಬರಬೇಕಿತ್ತಲ್ಲ ಎಂದು ನಿಮ್ಮ ಪರವಾಗಿ ಅವರೇ ಬೇಸರಪಡುತ್ತಾರೆ. ಅಲ್ಲಿ ನೋಡಲಿಕ್ಕಿರುವ ಸಂಗತಿ ಒಂದೇ, ಅದು ನಡೆಯುವುದು ಬೆಳಗ್ಗೆ ಏಳು ಗಂಟೆಗೆ.

ಪೆಟ್ರೋಲ್ ಕಾರನ್ನು ಗ್ಯಾಸಿಗೆ ತಿರುಗಿಸುವುದು ಏನೂ ದೊಡ್ಡ ವಿದ್ಯೆಯಲ್ಲ ಎಂದು ಶಂಭಣ್ಣನೇ ಹೇಳುತ್ತಾನೆ. ಹಿಂದೆ ಒಂದು ಟ್ಯಾಂಕು, ಅಡಿಯಲ್ಲಿ ಉದ್ದಕ್ಕೂ ಒಂದು ತಾಮ್ರದ ಪೈಪು, ಎಂಜಿನ್ನಿನ ಪಕ್ಕ ದ್ರವವನ್ನು ಆವಿ ಮಾಡುವ ಒಂದು ದುಂಡು ಡಬ್ಬಿ, ಡ್ರೈವರನ ಕೈಗೆ ಸಿಗುವಲ್ಲಿ ಪೆಟ್ರೋಲೋ ಗ್ಯಾಸೋ ಎಂದು ಆರಿಸಿಕೊಳ್ಳುವ ಒಂದು ಸ್ವಿಚ್ಚು. ಆಮೇಲೆ ಆರ್‌ಸಿಯಲ್ಲಿ ಬರೆಸಿಕೊಂಡು ಬಂದರೆ ಆಯಿತು. ಆದರೆ ಕೆಲಸ ಮುಗಿದ ಗಾಡಿಯನ್ನು ಅದೇ ದಿನ ಕೊಟ್ಟ ಚರಿತ್ರೆ ಅವನದ್ದಲ್ಲ. ಎಷ್ಟೇ ಅವಸರದ ಗಿರಾಕಿ ಇರಲಿ, ಬಂಟ್ವಾಳದ ಎಂಥ ದೊಡ್ಡ ಮನುಷ್ಯನೇ ಇರಲಿ, ಗಾಡಿ ಒಂದು ರಾತ್ರಿ ಶೆಡ್ಡಿನಲ್ಲಿ ಮಲಗಬೇಕು. ಸಂಜೆ ಜಾಯಿಂಟುಗಳಿಗೆಲ್ಲ ಸೋಪು ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲ ಎಂದು ಕಣ್ಣಾರೆ ನೋಡಿದ ಮೇಲೂ, ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟು, ಗಾಡಿಯ ಕಿಟಕಿ ಬಾಗಿಲು ಭದ್ರ ಮಾಡಿ ಅವನು ಮನೆಗೆ ಹೋಗುತ್ತಾನೆ. ಮನೆ ಎಂದರೆ ಶೆಡ್ಡಿನ ಹಿಂದೆಯೇ, ಹತ್ತು ಹೆಜ್ಜೆ.

ಬೆಳಗ್ಗೆ ಸ್ನಾನ ಮುಗಿಸಿ, ಚಾ ಕೂಡ ಕುಡಿಯದೆ ಬರುತ್ತಾನೆ. ಗಿರಾಕಿ ಕೈಕಟ್ಟಿ ನಿಂತಿರುತ್ತಾನೆ. ಶಂಭಣ್ಣ ಕಾರಿನ ಬಾಗಿಲು ಒಂದು ಗೇಣು ತೆರೆದು, ನೆಲಕ್ಕೆ ಮಂಡಿಯೂರಿ, ಕಾಲಿಡುವ ಮ್ಯಾಟಿನ ತನಕ ಮುಖ ಇಳಿಸಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಾನೆ. ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ಮಲಗುತ್ತದೆ, ಹುಡುಕುವವನೂ ಬಗ್ಗಬೇಕು. ಎದುರಿನ ಹೋಟೆಲಿನ ಜನ ಅದಕ್ಕೆ ಉದ್ದಂಡ ನಮಸ್ಕಾರ ಎಂದು ಹೆಸರಿಟ್ಟಿದ್ದಾರೆ. ಅವನು ಎದ್ದು “ಇಲ್ಲ” ಎಂದರೆ ಕೀಲಿ ಕೈಗೆ ಬಂತು. “ಉಂಟು” ಎಂದರೆ ಆ ದಿನ ಗಾಡಿ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಸುಳ್ಳಾದದ್ದಿಲ್ಲ. ಅವನು “ಇಲ್ಲ” ಎಂದ ಗಾಡಿಯಲ್ಲಿ ಹಸುಗೂಸನ್ನೂ ನಿಶ್ಚಿಂತೆಯಿಂದ ಮಲಗಿಸಬಹುದು ಎಂದು ನಾರಾವಿಯಿಂದ ಮೂಡುಬಿದಿರೆಯವರೆಗೆ ಜನ ನಂಬಿದ್ದಾರೆ.

ಆ ಮೂಗಿಗೆ ಒಂದು ಪೂರ್ವಾಶ್ರಮವೂ ಉಂಟು. ಹದಿನಾರನೇ ವಯಸ್ಸಿಗೆ ಅವನನ್ನು ಮುಂಬಯಿಗೆ ಕರೆದುಕೊಂಡು ಹೋದ ಸೋದರಮಾವ ತನ್ನ ಹೋಟೆಲಿನ ಅಡುಗೆಮನೆಯಲ್ಲಿ ನಿಲ್ಲಿಸಿದ. ಸಾಂಬಾರು ಹಳಸುವ ಎರಡು ಗಂಟೆ ಮೊದಲೇ ಇವನಿಗೆ ಗೊತ್ತಾಗುತ್ತಿತ್ತಂತೆ. ಮಾವನಿಗೆ ಅದು ಭಾಗ್ಯವಾಗಿ ಕಂಡಿತು, ಇವನಿಗೆ ಶಿಕ್ಷೆಯಾಗಿ ಕಂಡಿತು. ರಸ್ತೆಯ ಆಚೆ ಒಂದು ಟ್ಯಾಕ್ಸಿ ಗ್ಯಾರೇಜು ಇತ್ತು. ಒಂದು ದಿನ ಉದ್ದಿನ ಹಿಟ್ಟಿನ ಕೈ ತೊಳೆದುಕೊಂಡು ರಸ್ತೆ ದಾಟಿದವನು ಮತ್ತೆ ಈಚೆ ಬರಲಿಲ್ಲ. ಅಲ್ಲೇ ಗ್ಯಾಸಿನ ಕೆಲಸ ಕಲಿತ. ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ, ಮನುಷ್ಯನಿಗೆ ಗೊತ್ತಾಗಲಿ ಎಂದೇ ಅದಕ್ಕೊಂದು ಕೆಟ್ಟ ನಾತ ಬೆರೆಸಿ ಕಳಿಸುತ್ತಾರೆ ಎಂದು ಕೆಲಸ ಕಲಿಸಿದ ಉಸ್ತಾದ ಹೇಳಿದಾಗ, ಎಷ್ಟು ಒಳ್ಳೆಯ ಜನ ಎಂದು ಅವನ ಕಣ್ಣು ತುಂಬಿತ್ತು. ಅಂಥ ಮನುಷ್ಯ ಅವನು.

ಇನ್ನು ನಿಜ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ಶಂಭಣ್ಣನಿಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ.

ಊರಿಗೂರೇ ಬಾಯಿಗೆ ಬಟ್ಟೆ ಕಟ್ಟಿಕೊಂಡ ಕಾಲದಲ್ಲಿ ಬಂದ ಜ್ವರ ಹತ್ತು ದಿನ ಮಲಗಿಸಿ, ಹೋಗುವಾಗ ಮೂಗನ್ನು ಕೊಂಡೊಯ್ದಿತು. ಬಂದೀತು ಎಂದು ಒಂದು ತಿಂಗಳು ಕಾದ. ಮದುವೆಯಾಗಿ ಬೆಳ್ತಂಗಡಿಯಲ್ಲಿರುವ ಮಗಳನ್ನು ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿ ಅಲ್ಲಿಗೆ ಹೋಗಿ ಡಾಕ್ಟರಿಗೆ ತೋರಿಸಿದ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದರು ಅವರು. ಬರುತ್ತಾ ಬಸ್ಸಿನ ಕಿಟಕಿಯ ಬದಿ ಕೂತವನಿಗೆ ದಾರಿಯುದ್ದ ಎಲ್ಲವೂ ಗಾಜಿನ ಆಚೆ ಇದ್ದ ಹಾಗೆ ಕಂಡಿತು. ಗದ್ದೆ ಇತ್ತು, ಮೀನಿನ ಬುಟ್ಟಿ ಇತ್ತು, ಹಲಸಿನ ಹಣ್ಣು ಒಡೆದುಕೊಂಡು ಕೂತವರಿದ್ದರು. ಯಾವುದೂ ಅವನ ತನಕ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅವನ ಹೆಸರೇ ಆ ಮೂಗಿನದ್ದು. ಹೆಂಡತಿ ನೀಲಾವತಿಗೂ ಹೇಳಲಿಲ್ಲ. ಜೊತೆಗೆ ವೈರಿಂಗ್ ಕೆಲಸ ಮಾಡುವ ಇರ್ಷಾದನಿಗೂ ಹೇಳಲಿಲ್ಲ. ಗುಟ್ಟಾಗಿ ಗ್ಯಾಸ್ ಹಿಡಿಯುವ ಒಂದು ಮೆಷಿನ್ ತರಿಸಿದ. ಅದು ಗ್ಯಾಸಿಗೂ ಕಿರುಚಿತು, ಪೆಟ್ರೋಲಿಗೂ ಕಿರುಚಿತು, ಪೈಂಟಿನ ಥಿನ್ನರಿಗೂ ಕಿರುಚಿತು. ಅದನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಸೋಪು ನೀರನ್ನು ಒಂದು ಸಲಕ್ಕೆ ಮೂರು ಸಲ ಹಚ್ಚತೊಡಗಿದ. ಬೆಳಗ್ಗೆ ಮಾತ್ರ ಮಂಡಿಯೂರುವುದನ್ನು ಬಿಡಲಿಲ್ಲ. ಕಣ್ಣು ಮುಚ್ಚಿ, ಉಸಿರೆಳೆದು, ಏನೂ ಇಲ್ಲದ ಕತ್ತಲೆಯೊಳಗಿಂದ ಎದ್ದು “ಇಲ್ಲ” ಎನ್ನುತ್ತಿದ್ದ. ಗಾಡಿ ಹೋದ ಮೇಲೆ ಸಂಜೆಯ ತನಕ ಅವನ ಫೋನು ಹೊಡೆದಾಗಲೆಲ್ಲ ಎದೆ ಹಾರುತ್ತಿತ್ತು.

ಸೋಪು ನೀರಿನದ್ದೊಂದು ಸೀಮಿತ ನಿಯತ್ತು. ನಾವು ಹಚ್ಚಿದಲ್ಲಿ ಮಾತ್ರ ಅದು ಹೇಳುತ್ತದೆ. ಮೂಗು ಹಚ್ಚದ ಜಾಗದ್ದೂ ಹೇಳುತ್ತದೆ. ಇದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಈ ನಾಲ್ಕು ವರ್ಷದಲ್ಲಿ ಎರಡು ಸಲ ಮಾತ್ರ ಒಂದು ವಿಚಿತ್ರ ನಡೆದಿತ್ತು. ಸೋಪು ನೀರಿನ ಮಗ್ಗನ್ನು ರಾತ್ರಿ ಎಲ್ಲಿ ಇಟ್ಟಿದ್ದನೋ ಬೆಳಗ್ಗೆ ಅಲ್ಲಿರಲಿಲ್ಲ. ಒಮ್ಮೆ ಹಿಂದಿನ ಚಕ್ರದ ಬಳಿ, ಇನ್ನೊಮ್ಮೆ ಬಾನೆಟ್ಟಿನ ಎಡಮೂಲೆಯ ಅಡಿ. ತಾನೇ ಮರೆತು ಇಟ್ಟಿರಬೇಕು ಎಂದುಕೊಂಡು ಅಲ್ಲೇ ಬ್ರಶ್ಶು ಅದ್ದಿ ಹಚ್ಚಿದರೆ, ಎರಡು ಸಲವೂ ಗುಳ್ಳೆ ಎದ್ದಿತ್ತು. ಮನೆಯ ದೈವವೇ ಕಾಯುತ್ತಿದೆ ಎಂದು ಶಂಭಣ್ಣ ದೈವದ ಗುಡಿಯ ಎದುರು ಎರಡು ಎಳನೀರು ಇಟ್ಟು ಕೈಮುಗಿದು ಬಂದಿದ್ದ.

ಎಚ್ಚರದಲ್ಲಿ ಹೋದ ವಾಸನೆ ಅವನಿಗೆ ಕನಸಿನಲ್ಲಿ ಬರುತ್ತಿತ್ತು. ಕನಸು ಹೆಚ್ಚಾಗಿ ಒಂದೇ. ಅವನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯೊಳಗೆ ಒಬ್ಬನೇ ನಡೆಯುತ್ತಿದ್ದಾನೆ. ಕಲ್ಲು ತಣ್ಣಗಿದೆ, ಎಲ್ಲಿಂದಲೋ ಬೆಳಕು ಬರುತ್ತಿದೆ. ಒಂದೊಂದು ಕಂಬಕ್ಕೆ ಮೂಗು ಹಚ್ಚಿದರೆ ಒಂದೊಂದು ವಾಸನೆ. ಒಂದರಲ್ಲಿ ಅರಸಿನ ಎಲೆಯಲ್ಲಿ ಬೆಂದ ಕಡುಬು. ಒಂದರಲ್ಲಿ ಹೊಸ ಟಯರು. ಒಂದರಲ್ಲಿ ಅವನ ತಾಯಿಯ ಸೆರಗಿನ ಹೊಗೆ. ಎಲ್ಲಕ್ಕಿಂತ ಒಳಗೆ, ಮೂಲೆಯ ಕಂಬದಲ್ಲಿ ಮಲ್ಲಿಗೆ. ಅದು ಯಾವುದೋ ಮಲ್ಲಿಗೆಯಲ್ಲ, ಮದುವೆಯಾದಂದಿನಿಂದ ಪ್ರತಿ ಬೆಳಗ್ಗೆ ನೀಲಾವತಿ ಮುಡಿಯುತ್ತಿದ್ದ ಮಲ್ಲಿಗೆ, ಒದ್ದೆ ಕೂದಲಿನ ತಂಪು ಸೇರಿದ್ದು. ಅಲ್ಲಿ ಅವನು ಬಹಳ ಹೊತ್ತು ನಿಲ್ಲುತ್ತಿದ್ದ. ಎಚ್ಚರವಾದರೆ ದಿಂಬು ಮಾತ್ರ ಇರುತ್ತಿತ್ತು, ಬರೀ ಬಟ್ಟೆ.

ಎಚ್ಚರದಲ್ಲಿ ನೀಲಾವತಿ ಮಲ್ಲಿಗೆ ಮುಡಿಯುವುದನ್ನೂ ಬಿಟ್ಟುಬಿಟ್ಟಿದ್ದಳು. ತಲೆಗೆ ಎಣ್ಣೆ ಹಾಕುವುದೂ ಸಂಜೆಗೆ ಹೋಗಿತ್ತು, ಮುಖಕ್ಕೆ ಪೌಡರು ಹಚ್ಚುವುದೂ ನಿಂತಿತ್ತು. ಒಂದು ದಿನ ಕೇಳಿದ್ದಕ್ಕೆ, ವಯಸ್ಸಾಗಲಿಲ್ಲವಾ ಎಂದು ನಕ್ಕು ಒಳಗೆ ಹೋಗಿದ್ದಳು. ತನ್ನ ಮೇಲೆ ಏನೋ ಬೇಸರ ಇರಬೇಕು ಎಂದು ಶಂಭಣ್ಣ ಒಳಗೊಳಗೇ ಕೊರಗಿದ. ಗುಟ್ಟು ಇಟ್ಟುಕೊಂಡವನಿಗೆ ಎಲ್ಲದರಲ್ಲೂ ತನ್ನದೇ ತಪ್ಪು ಕಾಣುತ್ತದೆ, ನೋಡಿ.

ಮೊನ್ನೆ ಡಿಸೆಂಬರಿನಲ್ಲಿ ಮಾಜಿದಾಳ ಓಮ್ನಿ ಬಂತು. ಮಾಜಿದಾ ಈ ಕಡೆಯ ರಸ್ತೆಯಲ್ಲಿ ಎಲ್ಲರಿಗೂ ಪರಿಚಯ. ಬೆಳಗ್ಗೆ ಮತ್ತು ಸಂಜೆ ಶಾಲೆಯ ಮಕ್ಕಳನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುವ ಕೆಲಸ ಅವಳದ್ದು. ಎಂಟು ಮಕ್ಕಳು, ಅದರಲ್ಲಿ ಒಬ್ಬಳು ಅವಳದ್ದೇ ಮಗಳು ಫಾಹಿಮಾ. ಹಳೆಯ ಪೆಟ್ರೋಲ್ ಓಮ್ನಿ, ಪೆಟ್ರೋಲ್ ಕುಡಿದು ಕುಡಿದು ಅವಳನ್ನು ಸುಸ್ತು ಮಾಡಿತ್ತು. ತನ್ನ ಅಣ್ಣನ ಕಾರಿಗೂ ಇಲ್ಲೇ ಗ್ಯಾಸ್ ಹಾಕಿಸಿದ್ದು ಎಂದು ನೆನಪು ಮಾಡಿಕೊಟ್ಟು, ಕೀಲಿ ಶಂಭಣ್ಣನ ಕೈಗೆ ಹಾಕಿ ಅವಳು ಹೇಳಿದ್ದು ಒಂದೇ ಮಾತು.

“ಶಂಭಣ್ಣ, ನನಗೆ ಯಂತ್ರದ್ದು ಏನೂ ಗೊತ್ತಿಲ್ಲ. ನೀವು ಮೂಸಿ ಇಲ್ಲ ಅಂದ್ರೆ ನಾನು ಮಕ್ಕಳನ್ನು ಕೂರಿಸ್ತೇನೆ.”

ಆ ಮಾತು ಅವನ ಎದೆಯೊಳಗೆ ಹೋಗಿ ಕೂತಿತು, ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಕಾರಿನವರು ದೊಡ್ಡವರು, ನಾತ ಬಂದರೆ ಇಳಿದು ಓಡಿಯಾರು. ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಅಡಿ, ಟ್ಯಾಂಕು ಹಿಂದೆ, ನಡುವೆ ಮಕ್ಕಳು. ಎರಡು ದಿನ ಅವನು ಯಾರ ಹತ್ತಿರವೂ ಮಾತಾಡದೆ ಕೆಲಸ ಮಾಡಿದ. ಪೈಪನ್ನು ತಾನೇ ಎಳೆದ, ಕ್ಲಾಂಪುಗಳನ್ನು ತಾನೇ ಬಿಗಿದ. ಸಡಿಲ ಉಳಿದೀತು ಎಂಬ ಹೆದರಿಕೆಗೆ ಒಂದು ಕ್ಲಾಂಪನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದ. ಸಂಜೆ ಜಾಯಿಂಟುಗಳಿಗೆ ನಾಲ್ಕು ಸಲ ಸೋಪು ಹಚ್ಚಿದ. ಗುಳ್ಳೆ ಇಲ್ಲ. ಬಾಗಿಲು ಮುಚ್ಚಿ ಬಂದು ಚಾಪೆಯ ಮೇಲೆ ಉರುಳಿದವನಿಗೆ, ನಾಳೆ ಆ ಹೆಂಗಸಿನ ಎದುರು ಮಂಡಿಯೂರಿ ಸುಳ್ಳು ಹೇಳಲಿಕ್ಕೆ ತನ್ನಿಂದ ಆಗುವುದಿಲ್ಲ ಎನ್ನಿಸಿತು. ಸತ್ಯ ಹೇಳಲಿಕ್ಕೂ ಆಗುವುದಿಲ್ಲ ಎಂದೂ ಅನ್ನಿಸಿತು. ಹಾಗೆಯೇ ನಿದ್ದೆ ಬಂತು.

ಮತ್ತೆ ಬಸದಿ. ಕಂಬಗಳ ನಡುವೆ ಮಂಜು ತುಂಬಿದೆ, ಅದರೊಳಗೆ ಮಕ್ಕಳ ಚಪ್ಪಲಿಯ ಸದ್ದು, ಮಕ್ಕಳು ಕಾಣುವುದಿಲ್ಲ. ಕಡುಬಿನ ಕಂಬ ದಾಟಿದ, ಟಯರಿನ ಕಂಬ ದಾಟಿದ, ಮಲ್ಲಿಗೆಯ ಕಂಬಕ್ಕೆ ಬಂದು ಮುಖ ಹಚ್ಚಿದ. ಮಲ್ಲಿಗೆ ಇರಲಿಲ್ಲ. ಕೊಳೆತ ಮೊಟ್ಟೆಯ ಹಾಗೆ ಆ ಹಳೆಯ, ಪರಿಚಯದ ನಾತ ಕಲ್ಲಿನ ಬುಡದಿಂದ ಏಳುತ್ತಿತ್ತು. ಉಂಟು, ಉಂಟು ಎಂದು ಕೂಗಿಕೊಂಡೇ ಎದ್ದ.

ಕಿಟಕಿಯಲ್ಲಿ ಆಗ ತಾನೇ ಬೆಳ್ಳಗಾಗುತ್ತಿತ್ತು. ಪಕ್ಕದ ಚಾಪೆ ಖಾಲಿ. ನೀಲಾವತಿ ಒಲೆ ಹಚ್ಚಲು ಎದ್ದಿರಬೇಕು ಎಂದುಕೊಂಡ. ಕನಸಿನ ನಾತ ಇನ್ನೂ ಗಂಟಲಲ್ಲಿ ಇದ್ದಂತೆನಿಸಿ, ಬರಿಗಾಲಲ್ಲೇ ಅಂಗಳ ದಾಟಿದ. ಮಂಜು ಎಷ್ಟಿತ್ತೆಂದರೆ ಶೆಡ್ಡಿನ ಮಾಡು ಗಾಳಿಯಲ್ಲಿ ತೇಲುತ್ತಿರುವಂತೆ ಕಂಡಿತು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಓಮ್ನಿಯ ಪಕ್ಕದ ಬಾಗಿಲು ಒಂದು ಗೇಣು ಸರಿದಿತ್ತು. ಅದರ ಎದುರು ನೀಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿಯೂರಿ, ಮ್ಯಾಟಿನ ತನಕ ಮುಖ ಇಳಿಸಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು.

ಇನ್ನೂ ಕನಸೇ ಇರಬೇಕು ಎಂದು ಶಂಭಣ್ಣ ಅಲ್ಲೇ ನಿಂತ. ಅವಳು ಎದ್ದಳು, ಒಂದು ಕ್ಷಣ ಯೋಚಿಸಿದಳು, ಮತ್ತೆ ಬಗ್ಗಿ ಗಾಡಿಯ ಅಡಿಗೆ ಮುಖ ಒಡ್ಡಿದಳು. ಆಮೇಲೆ ಮೂಲೆಯಲ್ಲಿದ್ದ ಸೋಪು ನೀರಿನ ಮಗ್ಗನ್ನು ತಂದು, ಗಾಡಿಯ ನಡು ಭಾಗಕ್ಕೆ ಸರಿಯಾಗಿ ನೆಲದ ಮೇಲೆ ಇಟ್ಟಳು. ತಿರುಗಿದಾಗ ಅವನು ಕಂಡ.

ಅವಳು ಸೊಂಟದ ಸೆರಗನ್ನು ಬಿಡಿಸಿಕೊಂಡಳು.

“ಎಷ್ಟು ಸಮಯದಿಂದ?” ಎಂದು ಕೇಳಿದ ಶಂಭಣ್ಣ.

“ನೀವು ತಳ ಹಿಡಿದ ಗಂಜಿ ಸುಮ್ಮನೆ ಉಂಡ ದಿನದಿಂದ,” ಎಂದಳು ನೀಲಾವತಿ.

ಜ್ವರ ಬಿಟ್ಟು ಎದ್ದ ಮೊದಲ ವಾರದ ಮಾತು ಅದು. ಅವಳು ಬಾವಿಕಟ್ಟೆಯಲ್ಲಿದ್ದಾಗ ಗಂಜಿ ತಳ ಹಿಡಿದು ಮನೆಯೆಲ್ಲ ಸೀದ ಕಮಟು ತುಂಬಿತ್ತಂತೆ. ಮೊದಲಾದರೆ ರಸ್ತೆಯಿಂದಲೇ ಬೊಬ್ಬೆ ಹಾಕುತ್ತಿದ್ದ ಗಂಡ ಒಲೆಯ ಪಕ್ಕದಲ್ಲೇ ಕೂತು ಉಂಡು ಎದ್ದು, ಮರುದಿನ ಬೆಳಗ್ಗೆ ಹೋಗಿ ಕಾರಿನ ಎದುರು ಮಂಡಿಯೂರಿದ. ಅದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಅದರ ಮಾರನೆಯ ದಿನದಿಂದ ಅವನು ಏಳುವ ಮೊದಲೇ ಅವಳು ಶೆಡ್ಡಿಗೆ ಬರುತ್ತಿದ್ದಳು. ಚಕ್ರದ ಬಳಿ ಮಗ್ಗು ಇಟ್ಟವಳು ಅವಳೇ. ಬಾನೆಟ್ಟಿನ ಅಡಿ ಇಟ್ಟವಳೂ ಅವಳೇ.

“ನನ್ನ ಹತ್ತಿರ ಹೇಳಬಹುದಿತ್ತಲ್ಲ ನೀಲ.”

“ನೀವೇ ಹೇಳ್ತೀರಿ ಅಂತ ಕಾದೆ. ನೀವು ಹೇಳ್ಲಿಲ್ಲ. ಗಾಡಿ ಕಾಯ್ತದಾ? ಅದರಲ್ಲಿ ಜನ ಕೂರ್ತಾರೆ.”

ಶಂಭಣ್ಣ ಅವಳ ತಲೆಯನ್ನು ನೋಡಿದ. ಎಣ್ಣೆ ಇಲ್ಲದ, ಹೂವಿಲ್ಲದ, ನಾಲ್ಕು ವರ್ಷದಲ್ಲಿ ಬೆಳ್ಳಗಾದ ತಲೆ.

“ಹಾಗಾದರೆ ಮಲ್ಲಿಗೆ…”

“ಮಲ್ಲಿಗೆ ಮುಡಿದುಕೊಂಡು ಗ್ಯಾಸ್ ಮೂಸ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದಳು ಅವಳು, ಇದರಲ್ಲಿ ಕೇಳಲಿಕ್ಕೆ ಏನುಂಟು ಎನ್ನುವ ಹಾಗೆ.

ಶಂಭಣ್ಣ ಹಳೆಯ ಟಯರಿನ ಮೇಲೆ ಕೂತು ಅತ್ತುಬಿಟ್ಟ. ನಾಚಿಕೆಗೆ ಅತ್ತನೋ, ಹೆಂಡತಿಯ ಮೇಲಿನ ಪ್ರೀತಿಗೆ ಅತ್ತನೋ ಎಂದರೆ ಎರಡಕ್ಕೂ. ನೀಲಾವತಿ ಪಕ್ಕದಲ್ಲಿ ನಿಂತು ಅವನ ಬೆನ್ನ ಮೇಲೆ ಕೈಯಿಟ್ಟು, ಆಯಿತು, ಎದ್ದು ನೋಡಿ, ಇದರಲ್ಲಿ ಉಂಟು, ನಡು ಭಾಗದಲ್ಲಿ ಎಂದಳು.

ನಡು ಭಾಗದಲ್ಲಿ ಜಾಯಿಂಟೇ ಇಲ್ಲ. ಪೈಪು ಒಂದೇ ತುಂಡು. ಆದರೂ ಗಾಡಿಯ ಅಡಿ ಮಲಗಿ, ಬ್ರಶ್ಶು ಹಿಡಿದು ಉದ್ದಕ್ಕೂ ಹಚ್ಚುತ್ತಾ ಬಂದ. ತಾನು ಹೆದರಿ ಹೆಚ್ಚು ಬಿಗಿದ ಆ ಕ್ಲಾಂಪಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಸಾಸಿವೆಯಷ್ಟಿದ್ದದ್ದು ನಿಧಾನ ನೆಲ್ಲಿಕಾಯಿಯಷ್ಟಾಗಿ, ಅದರಲ್ಲಿ ಬೆಳಗಿನ ಬೆಳಕು ಬಣ್ಣಬಣ್ಣವಾಗಿ ತಿರುಗಿ, ಸದ್ದಿಲ್ಲದೆ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಬಿಗಿ ಹೆಚ್ಚಾಗಿ ತಾಮ್ರ ಸೀಳಿತ್ತು. ಶಂಭಣ್ಣ ವಾಲ್ವ್ ಮುಚ್ಚಿ, ಶೆಡ್ಡಿನ ಬಾಗಿಲನ್ನೆಲ್ಲ ಹಾರು ಹೊಡೆದು ಹೊರಗೆ ಬಂದ.

ಏಳು ಗಂಟೆಗೆ ಮಾಜಿದಾ ಬಂದಳು. ಇರ್ಷಾದನೂ ಬಂದಿದ್ದ, ಎದುರಿನ ಹೋಟೆಲಿನಿಂದ ಚಾದ ಗ್ಲಾಸು ಹಿಡಿದುಕೊಂಡು ಮೂರು ಜನ ನೋಡುತ್ತಾ ನಿಂತಿದ್ದರು. ನೀಲಾವತಿ ಮೆಲ್ಲನೆ ಒಳಗೆ ಸರಿದಿದ್ದಳು. ಗಂಡನಿಗೆ ದಾರಿ ಬಿಟ್ಟುಕೊಟ್ಟಿದ್ದಳು ಎಂದೇ ಹೇಳಬೇಕು. ಮಂಡಿಯೂರಿ ಎದ್ದು “ಉಂಟು” ಎಂದರೆ ಸಾಕಿತ್ತು. ಗಾಡಿಯೂ ಉಳಿಯುತ್ತಿತ್ತು, ಮೂಗಿನ ಕೀರ್ತಿ ಇನ್ನೂ ಒಂದು ಹಿಡಿ ಏರುತ್ತಿತ್ತು. ಶಂಭಣ್ಣ ಓಮ್ನಿಯ ತನಕ ಹೋದ, ಬಾಗಿಲಿಗೆ ಕೈಯನ್ನೂ ಇಟ್ಟ. ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಿತು. ತಿರುಗಿ ನಿಂತ.

“ಮಾಜಿದಾ, ಗಾಡಿಯಲ್ಲಿ ಗ್ಯಾಸು ಸೋರ್ತಾ ಉಂಟು, ನನ್ನದೇ ತಪ್ಪು. ಅದು ಸರಿ ಮಾಡ್ತೇನೆ. ಇನ್ನೊಂದು ಮಾತು ಉಂಟು. ನನ್ನ ಮೂಗು ಹೋಗಿ ನಾಲ್ಕು ವರ್ಷ ಆಯ್ತು. ಇಷ್ಟು ಸಮಯ ನಾನು ಮಾಡಿದ್ದು ಬರೀ ನಾಟಕ. ನಿಜವಾಗಿ ಮೂಸಿದ್ದು ನೀಲ. ಅದು ನನಗೂ ಗೊತ್ತಾದದ್ದು ಇವತ್ತು.”

ಹೋಟೆಲಿನ ಎದುರು ಒಂದು ಗ್ಲಾಸು ಬೆಂಚಿನ ಮೇಲೆ ಕುಕ್ಕಿದ ಸದ್ದು ಕೇಳಿತು. ಇರ್ಷಾದ ಬಾಯಿ ತೆರೆದವನು ಮುಚ್ಚಲು ಮರೆತ. ಮಾಜಿದಾ ಬೆರಳು ಮಡಚಿ ಏನೋ ಎಣಿಸಿದಳು. ಅಣ್ಣನ ಕಾರಿಗೆ ಗ್ಯಾಸ್ ಹಾಕಿಸಿದ್ದು ಎರಡು ವರ್ಷದ ಹಿಂದೆ, ಅವಳು ಅದನ್ನೇ ಲೆಕ್ಕ ಹಾಕುತ್ತಿದ್ದಾಳೆ ಎಂದು ಶಂಭಣ್ಣನಿಗೆ ಗೊತ್ತಾಯಿತು. ಬೈಯಲಿ ಎಂದು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಅವಳ ಸಿಟ್ಟು ತಣ್ಣಗಿನ ಸಿಟ್ಟು.

“ನಾಳೆ ನೀಲಕ್ಕ ಮೂಸ್ಲಿ,” ಎಂದಳು. “ನನ್ನ ಎದುರಿಗೇ ಮೂಸ್ಲಿ. ಅವರು ಇಲ್ಲ ಅಂದ್ರೆ ಮಾತ್ರ ನಾನು ಗಾಡಿ ತೆಗೀತೇನೆ.”

ಅಷ್ಟು ಹೇಳಿ, ಆ ದಿನದ ಮಕ್ಕಳಿಗೆ ರಿಕ್ಷಾ ಹುಡುಕಿಕೊಂಡು ಹೋದಳು.

ಸುದ್ದಿ ಬಸ್ಸಿಗಿಂತ ಮೊದಲು ಸಿದ್ಧಕಟ್ಟೆ ತಲುಪಿತು. ಮಧ್ಯಾಹ್ನದೊಳಗೆ ಇಬ್ಬರು ಫೋನು ಮಾಡಿ, ತಮ್ಮ ಗಾಡಿಯ ಕೆಲಸ ಸದ್ಯಕ್ಕೆ ಬೇಡ ಎಂದರು. ಶಂಭಣ್ಣ ಸರಿ ಎಂದ. ಹೊಸ ಪೈಪು ಎಳೆದ. ಈ ಸಲ ಕ್ಲಾಂಪುಗಳನ್ನು ಬೇಕಾದಷ್ಟೇ ಬಿಗಿದ.

ಮರುದಿನ ಬೆಳಗ್ಗೆ ಗ್ಯಾರೇಜಿನ ಎದುರು ಹೋಟೆಲಿಗೆ ಹೋಟೆಲೇ ಬಂದು ನಿಂತಿತ್ತು. ಮಾಜಿದಾ ಫಾಹಿಮಾಳ ಕೈ ಹಿಡಿದುಕೊಂಡು ನಿಂತಿದ್ದಳು. ನೀಲಾವತಿಗೆ ಇಷ್ಟು ಜನರ ಎದುರು ಬಂದು ಅಭ್ಯಾಸವಿಲ್ಲ. ಯಾರ ಮುಖವನ್ನೂ ನೋಡದೆ ಬಂದು, ಸೆರಗು ಸಿಕ್ಕಿಸಿ, ಬಾಗಿಲು ಒಂದು ಗೇಣು ತೆರೆದು ಮಂಡಿಯೂರಿದಳು. ಶಂಭಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತ, ಇಷ್ಟು ವರ್ಷ ಗಿರಾಕಿಗಳು ನಿಲ್ಲುತ್ತಿದ್ದ ಜಾಗದಲ್ಲಿ. ಕಾಯುವವನ ಸಂಕಟ ಏನೆಂದು ಅವನಿಗೆ ಆಗ ಗೊತ್ತಾಯಿತು. ಅವಳು ಮುಂದಿನ ಬಾಗಿಲಿಗೂ ಹೋದಳು, ಹಿಂದಿನದ್ದಕ್ಕೂ ಹೋದಳು, ಗಾಡಿಯ ಅಡಿಗೂ ಬಗ್ಗಿದಳು. ಕೊನೆಗೆ ಎದ್ದು ಮಂಡಿಯ ಧೂಳು ಕೊಡವಿಕೊಂಡಳು.

“ಇಲ್ಲ,” ಎಂದಳು.

ಮಾಜಿದಾ ಮಗಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದಳು. ಓಮ್ನಿ ರಸ್ತೆಗೆ ಇಳಿದು, ಮಂಜಿನೊಳಗೆ ಹಿಂದಿನ ಕೆಂಪು ದೀಪ ಕಾಣದಷ್ಟು ದೂರ ಹೋಗುವ ತನಕ ಗಂಡ ಹೆಂಡತಿ ಇಬ್ಬರೂ ಅಲ್ಲೇ ನಿಂತಿದ್ದರು.

ಆ ವಾರದ ಕೊನೆಗೆ ಶಂಭಣ್ಣ ಸಾಮಾನು ತರಲು ಮೂಡುಬಿದಿರೆಗೆ ಹೋದವನು, ಬಸ್‌ಸ್ಟ್ಯಾಂಡಿನ ಬಳಿ ಒಂದು ಚೆಂಡು ಮಲ್ಲಿಗೆ ಕಟ್ಟಿಸಿಕೊಂಡು ಬಂದ. ಬಾಳೆಎಲೆಯ ಪೊಟ್ಟಣವನ್ನು ನೀಲಾವತಿಯ ಕೈಗೆ ಕೊಟ್ಟ. ಅವಳು ಬಿಚ್ಚಿ ನೋಡಿ, ಮುಡಿಯಲು ಹೊರಟವಳು ನಿಂತು ಕೇಳಿದಳು.

“ನಾಳೆ ಬೆಳಗ್ಗೆ ಗಾಡಿ ಉಂಟಾ?”

“ನಾರಾವಿಯವರದ್ದು ಒಂದು ಇತ್ತು. ನಾಡಿದ್ದು ತನ್ನಿ ಅಂದೆ,” ಎಂದ ಶಂಭಣ್ಣ.

ಮರುದಿನ ಶೆಡ್ಡು ಖಾಲಿ. ನೀಲಾವತಿ ತಲೆಗೆ ಸ್ನಾನ ಮಾಡಿ, ಎಣ್ಣೆ ಹಾಕಿ, ಇಡೀ ಚೆಂಡನ್ನು ಮುಡಿದುಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತಳು. ಶಂಭಣ್ಣ ಅವಳ ಹಿಂದೆ, ಮೇಲಿನ ಮೆಟ್ಟಿಲಲ್ಲಿ ಮಂಡಿಯೂರಿದ. ಕಣ್ಣು ಮುಚ್ಚಿ, ಹೂವಿನ ತನಕ ಮುಖ ಇಳಿಸಿ, ಎದೆ ತುಂಬ ಉಸಿರೆಳೆದ. ಸ್ವಲ್ಪ ಹೊತ್ತು ಹಾಗೆಯೇ ಇದ್ದ.

“ಬಂತಾ?” ಎಂದು ಅವಳು ತಿರುಗದೆಯೇ ಕೇಳಿದಳು.

“ಇಲ್ಲ.”

“ಹಾಗಾದರೆ ನಾನು ಹೇಳ್ತೇನೆ, ಕೇಳಿ,” ಎಂದಳು ನೀಲಾವತಿ. ಮೊದಲು ತಂಪು, ಆಮೇಲೆ ಬಾಳೆಎಲೆಯದ್ದು ಸ್ವಲ್ಪ, ಅದರ ಹಿಂದೆ ಎಣ್ಣೆ, ಅದೆಲ್ಲ ಹೋದ ಮೇಲೆ ಹೂವು ಎಂದು ಶುರುಮಾಡಿ, ಕಣ್ಣು ಮುಚ್ಚಿಕೊಂಡು, ಒಂದೊಂದನ್ನೇ ಬಿಡಿಸಿ ಹೇಳುತ್ತಾ ಹೋದಳು. ಶಂಭಣ್ಣ ಕೇಳುತ್ತಾ ಕೂತ. ಒಳಗೆ ಒಲೆಯ ಮೇಲೆ ಗಂಜಿ ತಳ ಹಿಡಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.